ಕವಾಯತಿನಾಚೆಯ ಯುವದಳ

ಯುವಕೂಟವೆಂದರೆ ಹಬ್ಬದ ಮೆರವಣಿಗೆಯ ಸಾಲು ನೇರಗೊಳಿಸುವ, ಚಪ್ಪರದಡಿ ಕುರ್ಚಿ ಜೋಡಿಸುವ ಸ್ವಯಂಸೇವಕರ ತಂಡವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ಘಟ್ಟದ ಮೇಲಿನ ಧರ್ಮಕೇಂದ್ರಗಳಲ್ಲಿ ದುಡಿಯುವ ಕೈಗಳು ಬೇಕು, ನಿಜ. ಆದರೆ ಯುವಜನರಿಂದ ನಾವು ಬಯಸಬೇಕಾದದ್ದು ಇಷ್ಟೇ ಏನು? ಕ್ರೈಸ್ತ ಯುವದಳಗಳ ಆರಂಭದ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ಪರಿಶೀಲಿಸುವುದು ಉಚಿತ.

1883ರ ಅಕ್ಟೋಬರ್ 4ರಂದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಎಂಬವರು ಬಾಯ್ಸ್ ಬ್ರಿಗೇಡಿನ ಪ್ರಥಮ ತುಕಡಿಯನ್ನು ಸ್ಥಾಪಿಸಿದರು. ಅವರು ಭಾನುವಾರದ ಧರ್ಮಶಾಲೆಯ ಶಿಕ್ಷಕರು. ಸ್ವಯಂಸೇವಕ ಸೇನೆಯ ಅಧಿಕಾರಿಯೂ ಹೌದು. ಪಾಠಕ್ಕೆ ಕಿವಿಗೊಡದ ಹುಡುಗರು ಕವಾಯತಿಗೆ ಮನಸೋತಾರು ಎಂಬುದು ಅವರ ಎಣಿಕೆ. ಹಿಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಬರುವ ಲಂಗರು ದಳದ ಲಾಂಛನವಾಯಿತು. ಪ್ರೊಟೆಸ್ಟಂಟ್ ಸಭೆಯಲ್ಲಿ ಜನಿಸಿದ ಈ ಮಾದರಿಯನ್ನು 1896ರಲ್ಲಿ ಲಂಡನ್ನಿನ ಬರ್ಮಂಡ್ಸಿಯಲ್ಲಿ ಫಾದರ್ ಫೆಲಿಕ್ಸ್ ಸೆಗೆಸ್ಸರ್ ಕಥೋಲಿಕ ಬಾಲಕರಿಗಾಗಿ ಅಳವಡಿಸಿದರು.

ಸ್ಮಿತ್ತರ ಹಿರಿಮೆಯನ್ನು ಮೊದಲು ಒಪ್ಪಬೇಕು. ಹುಡುಗರು ತುಂಟರೆಂದು ಅವರು ಕೈಬಿಡಲಿಲ್ಲ. ತಮ್ಮ ಬೋಧನಾಕ್ರಮವನ್ನೇ ಬದಲಿಸಿಕೊಂಡರು. ಧರ್ಮೋಪದೇಶ ತರಗತಿಯಲ್ಲಿ ಆಕಳಿಸುವ ಮಗುವನ್ನು ಗದರಿಸುವ ನಮಗೆ ಇದೊಂದು ಪಾಠ. ಆದರೆ ಆ ಮಾದರಿಯ ಕೊರತೆಯೂ ಸಣ್ಣದಲ್ಲ. ಮರದ ಬಂದೂಕು ಹಿಡಿದ ಸಾಲಿನಲ್ಲಿ ಆಜ್ಞೆ ಮೇಲಿನಿಂದ ಬರುತ್ತದೆ. ಆಲೋಚಿಸುವವರು ಹಿರಿಯರು, ಪಾಲಿಸುವವರು ಕಿರಿಯರು. 1893ರಲ್ಲಿ ದಳದ ಧ್ಯೇಯವಾಕ್ಯಕ್ಕೆ ‘ವಿಧೇಯತೆ’ ಎಂಬ ಪದವನ್ನು ಸೇರಿಸಲಾಯಿತು. ವಿಧೇಯತೆ ಸದ್ಗುಣವೇ, ಆದರೆ ವಿವೇಚನೆಯಿಲ್ಲದ ವಿಧೇಯತೆ ಸಾಲು ಚದುರಿದೊಡನೆ ಮಾಯವಾಗುತ್ತದೆ.

ಈ ಕೊರತೆಯನ್ನು ತುಂಬುವ ಬೇರೊಂದು ದಾರಿಯನ್ನು ತೋರಿದವರು ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡೈನ್. 1925ರಲ್ಲಿ ರೂಪುಗೊಂಡ ಅವರ ಯುವ ಕ್ರೈಸ್ತ ಕಾರ್ಮಿಕರ ಚಳುವಳಿಯಲ್ಲಿ ಕವಾಯತು ಇರಲಿಲ್ಲ. ಮೂರು ಹೆಜ್ಜೆಗಳಿದ್ದವು: ನೋಡು, ವಿವೇಚಿಸು, ಕಾರ್ಯವೆಸಗು. ಯುವಜನರಿಗೆ ಯುವಜನರೇ ಪ್ರಥಮ ಪ್ರೇಷಿತರಾಗಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸಾರಿತು.

ನಮ್ಮ ಘಟ್ಟದ ಯುವಜನರು ಓದಿಗೆ, ಉದ್ಯೋಗಕ್ಕೆ ಹುಬ್ಬಳ್ಳಿ, ಗೋವಾ, ಬೆಂಗಳೂರುಗಳತ್ತ ಮುಖಮಾಡುತ್ತಾರೆ. ಯಲ್ಲಾಪುರದ ಕಾಡಂಚಿನಲ್ಲಿ ನಮ್ಮದೇ ವಿಶ್ವಾಸದ ಸಿದ್ದಿ ಕುಟುಂಬಗಳಿವೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಶಾಲೆ ಬಿಟ್ಟ ಗೆಳೆಯ, ಕುಡಿತಕ್ಕೆ ಬಲಿಯಾದ ಮನೆ, ಜಮೀನಿನ ಹಕ್ಕುಪತ್ರಕ್ಕಾಗಿ ಕಾದು ಕುಳಿತ ಹಿರಿಯರು: ಇವು ಯುವಕೂಟದ ಚರ್ಚೆಗೆ ಬಾರದಿದ್ದರೆ ‘ನೋಡು’ ಎಂಬ ಮೊದಲ ಹೆಜ್ಜೆಯನ್ನೇ ನಾವು ಇಟ್ಟಿಲ್ಲವೆಂದು ಅರ್ಥ.

ಮೆರವಣಿಗೆಯ ಸಾಲು ನೇರವಾಗಿರಲಿ, ಬೇಡವೆನ್ನುವುದಿಲ್ಲ. ಆದರೆ ಆ ಸಾಲಿನಲ್ಲಿ ಇಂದು ಯಾರಿಲ್ಲವೆಂದು ಕೇಳಿ, ಅವರ ಮನೆಯ ಬಾಗಿಲು ತಟ್ಟುವ ಯುವಕೂಟವೇ ಪ್ರಭುವಿಗೆ ಪ್ರಿಯವಾದುದು. ತಂದೆತಾಯಂದಿರೇ, ನಿಮ್ಮ ಮಕ್ಕಳು ಅಂಥ ಪ್ರಶ್ನೆ ಕೇಳಿದಾಗ ಅವರನ್ನು ತಡೆಯಬೇಡಿ.