ಸಾಲುಗಳ ಪಂಥ ಮತ್ತು ಅದರ ಮರೆವು

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರುಗಳಲ್ಲಿ ಊರಿನ ಹೆಸರನ್ನೇ ಇಟ್ಟುಕೊಂಡ ಅರ್ಬನ್ ಕೋ-ಆಪರೇಟಿವ್ ಬ್ಯಾಂಕುಗಳಿವೆ. ನೆಟ್‌ವರ್ಕ್ ಸ್ಕ್ಯಾನಿಂಗ್ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳೊಳಗಿನ ಮಾತು ಎಂದುಕೊಂಡವರು ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರಂದು ಇಂಥ ಬ್ಯಾಂಕುಗಳಿಗಾಗಿಯೇ ಹೊರಡಿಸಿದ ಸೈಬರ್ ಭದ್ರತೆಯ ಸುತ್ತೋಲೆಯನ್ನು ಒಮ್ಮೆ ನೋಡಬೇಕು. ಡಿಜಿಟಲ್ ವ್ಯವಹಾರದ ಆಳವನ್ನು ನೋಡಿ ಅದು ಬ್ಯಾಂಕುಗಳನ್ನು ನಾಲ್ಕು ಹಂತಗಳಲ್ಲಿ ಇಡುತ್ತದೆ. ಮೊದಲ ಹಂತ ದಾಟಿದ ಬ್ಯಾಂಕು ತನ್ನ ಮುಖ್ಯ ವ್ಯವಸ್ಥೆಗಳ ದೌರ್ಬಲ್ಯಗಳನ್ನು ಆರು ತಿಂಗಳಿಗೊಮ್ಮೆಯಾದರೂ ತಪಾಸಣೆ ಮಾಡಿಸಬೇಕು, ಒಳನುಗ್ಗುವ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ನಡೆಸಬೇಕು. ಈ ತಪಾಸಣೆಯ ಮೊದಲ ಮೆಟ್ಟಿಲೇ ಪೋರ್ಟ್ ಸ್ಕ್ಯಾನ್, ಯಂತ್ರದ ಯಾವ ಜಾಲದ್ವಾರಗಳು ತೆರೆದಿವೆ ಎಂದು ನೋಡುವ ಪರೀಕ್ಷೆ. ಅಂದರೆ ಮಧ್ಯಮ ಗಾತ್ರದ ಊರಿನ ಒಂದು ಸಹಕಾರಿ ಬ್ಯಾಂಕಿಗೂ ಸ್ಕ್ಯಾನಿನ ಫಲಿತಾಂಶವನ್ನು ಓದಬಲ್ಲವರು ಬೇಕು.

ಸ್ಕ್ಯಾನ್ ಮಾಡುವ ಕೆಲಸ ಬಹುಮಟ್ಟಿಗೆ ಬಗೆಹರಿದದ್ದು. ಟಿಸಿಪಿಯಲ್ಲಿ 65,536 ಪೋರ್ಟ್ ಸಂಖ್ಯೆಗಳಿವೆ, ಯುಡಿಪಿಯಲ್ಲಿ ಮತ್ತೆ ಅಷ್ಟೇ. ಒಂದೊಂದನ್ನೂ ತಟ್ಟಿ ಒಳಗೆ ಯಾರಿದ್ದಾರೆ ಎಂದು ವಿಚಾರಿಸುವ ತಂತ್ರಾಂಶಗಳ ಬಗ್ಗೆ ಪುಸ್ತಕಗಳಿವೆ, ಸಮ್ಮೇಳನಗಳಿವೆ, ಖ್ಯಾತಿಯೂ ಇದೆ. ತಟ್ಟಿ ಬಂದ ಉತ್ತರಗಳ ರಾಶಿಯನ್ನು ಸೋಸಿ, ಹೊಂದಿಸಿ, ಹೋಲಿಸಿ ಅರ್ಥ ತೆಗೆಯುವ ಕಮಾಂಡ್ ಲೈನ್ ಸಲಕರಣೆಗಳಿಗೆ ಆ ಭಾಗ್ಯವಿಲ್ಲ. ಆದರೆ ಅಲ್ಲಿಯೂ ಸ್ಪಷ್ಟವಾದ ಪಂಥಗಳಿವೆ, ಪ್ರತಿ ಪಂಥಕ್ಕೂ ಒಂದು ನಂಬಿಕೆಯಿದೆ, ಆ ನಂಬಿಕೆಗೆ ತಕ್ಕ ಕುರುಡೂ ಇದೆ. ಇವುಗಳಲ್ಲಿ ಹಿರಿಯದೂ ಜನಪ್ರಿಯವೂ ಆದದ್ದು ಸಾಲುಗಳ ಪಂಥ. ಅದರ ಗುಣ ದೊಡ್ಡದು, ದೋಷವೂ ಸಣ್ಣದಲ್ಲ.

ಬೆಲ್ ಲ್ಯಾಬ್ಸ್‌ನ ಡಗ್ ಮೆಕ್‌ಇಲ್ರಾಯ್, ಒಂದು ಪ್ರೋಗ್ರಾಮಿನಿಂದ ಹೊರಬಂದದ್ದು ಇನ್ನೊಂದರ ಒಳಗೆ ಹರಿಯುವಂತಿರಬೇಕು ಎಂದು 1964ರಲ್ಲೇ ಬರೆದಿಟ್ಟಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಅಳವಡಿಸಿದರು. ಅದೇ ಪೈಪ್. ಸಾಲು ಹುಡುಕುವ ಗ್ರೆಪ್, ಸಾಲು ಜೋಡಿಸುವ ಸಾರ್ಟ್, 1977ರ ಹೊತ್ತಿಗೆ ಸಾಲನ್ನು ಅಂಕಣಗಳಾಗಿ ಒಡೆದು ಲೆಕ್ಕ ಹಾಕುವ ಆಕ್, ಇವೆಲ್ಲದರ ಒಡಂಬಡಿಕೆ ಒಂದೇ: ಲೋಕದ ಸಂಗತಿಗಳೆಲ್ಲ ಸಾಲುಗಳು, ಪ್ರತಿ ಸಾಲೂ ತನ್ನಷ್ಟಕ್ಕೆ ಪೂರ್ಣ. 1997ರ ಸೆಪ್ಟೆಂಬರ್ 1ರಂದು 'ಫ್ರ್ಯಾಕ್' ಪತ್ರಿಕೆಯ 51ನೇ ಸಂಚಿಕೆಯಲ್ಲಿ ಗಾರ್ಡನ್ ಲಯನ್ ಅವರು ಫಿಯೋದರ್ ಎಂಬ ಹೆಸರಿನಲ್ಲಿ ಪೋರ್ಟ್ ಸ್ಕ್ಯಾನರ್ ಆದ ಎನ್‌ಮ್ಯಾಪ್ ಪ್ರಕಟಿಸಿದಾಗ ಅದು ಇದೇ ಲೋಕಕ್ಕೆ ಬಂದಿಳಿಯಿತು. ಮುಂದೆ ಅದು ಗ್ರೆಪ್‌ಗೆ ಅನುಕೂಲವಾಗಲೆಂದೇ ಒಂದು ಫಲಿತಾಂಶ ಶೈಲಿಯನ್ನು ಕೊಟ್ಟಿತು: ಪ್ರತಿ ಯಂತ್ರಕ್ಕೂ ಪೋರ್ಟ್ ಪಟ್ಟಿಯ ಒಂದು ಸಾಲು, ಸಾಲಿನೊಳಗೆ ಅಲ್ಪವಿರಾಮದಿಂದ ಬೇರ್ಪಟ್ಟ ಪೋರ್ಟ್‌ಗಳು, ಪ್ರತಿ ಪೋರ್ಟ್‌ಗೂ ಓರೆಗೆರೆಗಳ ನಡುವೆ ಏಳು ಮನೆಗಳು.

ಈ ಪಂಥದ ಶಕ್ತಿಯನ್ನು ಯಾರೂ ಅಲ್ಲಗಳೆಯಲಾರರು. ಶಾಖೆಯ ಯಾವ ಯಂತ್ರಗಳಲ್ಲಿ 3389 ತೆರೆದಿದೆ, ಅಂದರೆ ದೂರದಿಂದ ಕುಳಿತು ಪರದೆಯನ್ನೇ ಕೈಗೆ ತೆಗೆದುಕೊಳ್ಳುವ ಅವಕಾಶ ಎಲ್ಲೆಲ್ಲಿದೆ ಎಂದು ತಿಳಿಯಲು ಒಂದು ಗ್ರೆಪ್ ಸಾಕು. ಹಳೆಯ ಟೆಲ್ನೆಟ್‌ನ 23, ವನ್ನಾಕ್ರೈ ಕುತಂತ್ರಾಂಶ 2017ರಲ್ಲಿ ಹೊಕ್ಕ 445, ಪ್ರಿಂಟರಿನ 9100, ಸಿಸಿಟಿವಿ ಪೆಟ್ಟಿಗೆಯ 554, ಯಾವುದನ್ನು ಕೇಳಿದರೂ ಉತ್ತರ ಕ್ಷಣದಲ್ಲಿ ಬರುತ್ತದೆ. ಲೈಸೆನ್ಸ್ ಶುಲ್ಕವಿಲ್ಲ, ಸರ್ವರ್ ಬೇಡ, ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿ ಮುಚ್ಚುಮರೆಯಿಲ್ಲ. ಎಣಿಕೆ ಹೇಗೆ ಬಂತು ಎಂದು ಕೇಳಿದರೆ ಆ ಒಂದು ಸಾಲಿನ ಆದೇಶವನ್ನೇ ತೋರಿಸಬಹುದು. ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಮಾರುವವರು ಈ ಪಾರದರ್ಶಕತೆಯನ್ನು ಇನ್ನೂ ಕೊಟ್ಟಿಲ್ಲ.

ದೋಷಗಳು ಶುರುವಾಗುವುದು ಬಳಕೆ ರೂಢಿಯಾದ ಮೇಲೆ. ಈ ಪಂಥದ ಮೊದಲ ಪಾಠವಾದ 'ಓಪನ್' ಎಂಬ ಪದವನ್ನು ಗ್ರೆಪ್ ಮಾಡುವುದನ್ನೇ ನೋಡಿ. ಎನ್‌ಮ್ಯಾಪ್ ಪೋರ್ಟ್‌ಗೆ ಆರು ಸ್ಥಿತಿಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು 'ಓಪನ್ ಅಥವಾ ಫಿಲ್ಟರ್ಡ್', ಅಂದರೆ ಉತ್ತರವೇ ಬರಲಿಲ್ಲ, ತೆರೆದಿದೆಯೋ ಯಾರೋ ನಡುವೆ ತಡೆದರೋ ತಿಳಿಯದು ಎಂದರ್ಥ. ಯುಡಿಪಿ ಸ್ಕ್ಯಾನಿನಲ್ಲಿ ಇಂಥ ಉತ್ತರವೇ ಹೇರಳ. ಗ್ರೆಪ್‌ಗೆ ಬೇಕಾದದ್ದು ಅಕ್ಷರ ಮಾತ್ರ, ಅದು ಸಂದೇಹವನ್ನೂ ಖಚಿತವನ್ನೂ ಒಂದೇ ರಾಶಿಗೆ ಹಾಕುತ್ತದೆ. ಫಲಿತಾಂಶದ ಮೊದಲ ಸಾಲಿನಲ್ಲಿ ಸ್ಕ್ಯಾನ್ ಯಾವಾಗ, ಯಾವ ಆಯ್ಕೆಗಳೊಂದಿಗೆ ಶುರುವಾಯಿತು ಎಂಬ ವಿವರ ಇರುತ್ತದೆ. ಸೋಸುವಾಗ ಮೊದಲು ಹೊರಗೆ ಬೀಳುವುದು ಅದೇ. ಐಪಿ ವಿಳಾಸಗಳನ್ನು ಸಾರ್ಟ್‌ಗೆ ಹಾಗೇ ಕೊಟ್ಟರೆ ಹತ್ತರಲ್ಲಿ ಮುಗಿಯುವ ವಿಳಾಸ ಎರಡರಲ್ಲಿ ಮುಗಿಯುವುದಕ್ಕಿಂತ ಮೊದಲು ಬಂದು ಕೂರುತ್ತದೆ. ಆವೃತ್ತಿಯ ಹೆಸರಿನಲ್ಲಿ ಓರೆಗೆರೆ ಬಂದರೆ ಮನೆಗಳ ಲೆಕ್ಕ ಕೆಡುತ್ತದೆಂದು ಎನ್‌ಮ್ಯಾಪ್ ಅದನ್ನು ನೇರ ಗೆರೆಯಾಗಿ ಬದಲಿಸುತ್ತದೆ. ಏಳು ಮನೆಗಳಲ್ಲಿ 'ಮಾಲೀಕ' ಎಂಬ ಮನೆ ಸದಾ ಖಾಲಿ. ಅದನ್ನು ತುಂಬುತ್ತಿದ್ದ ಐಡೆಂಟ್ ಸ್ಕ್ಯಾನ್ ಎಂದೋ ಹೋಯಿತು, ಮನೆ ಮಾತ್ರ ಉಳಿಯಿತು. ಆಮೇಲೆ ಎನ್‌ಮ್ಯಾಪ್‌ಗೇ ಸೇರಿದ ಎನ್‌ಎಸ್‌ಇ ಸ್ಕ್ರಿಪ್ಟುಗಳ ಫಲಿತಾಂಶಕ್ಕೆ ಮನೆಯೇ ಸಿಗಲಿಲ್ಲ. ಎನ್‌ಮ್ಯಾಪ್‌ನ ಸ್ವಂತ ಕೈಪಿಡಿಯೇ ಈ ಶೈಲಿಯನ್ನು ಕೈಬಿಟ್ಟದ್ದೆಂದು ಸಾರಿದೆ. ಬಳಸುವವರು ಬಿಟ್ಟಿಲ್ಲ.

ಇವು ಚಾಕಚಕ್ಯತೆಯಿಂದ ದಾಟಬಹುದಾದ ತೊಡಕುಗಳು. ದಾಟಲಾಗದ್ದು ಬೇರೆಯೇ ಇದೆ: ಇಲ್ಲದ್ದನ್ನು ಹೇಳಲು ಸಾಲಿಗೆ ಬರುವುದಿಲ್ಲ. ಶಾಖೆಯ ಒಂದು ಕಂಪ್ಯೂಟರ್ ಸ್ಕ್ಯಾನಿನ ಹೊತ್ತಿಗೆ ಆಫ್ ಆಗಿತ್ತು ಎನ್ನಿ. ಅದರ ಸಾಲೇ ಬರುವುದಿಲ್ಲ. ಎಲ್ಲ ಪೋರ್ಟ್‌ಗಳನ್ನೂ ಶಿಸ್ತಾಗಿ ಮುಚ್ಚಿದ ಕಂಪ್ಯೂಟರ್ ಕೂಡ ಸೋಸಿದ ಪಟ್ಟಿಯಲ್ಲಿ ಕಾಣುವುದಿಲ್ಲ. ಸುರಕ್ಷಿತ ಯಂತ್ರವೂ ನೋಡದೇ ಬಿಟ್ಟ ಯಂತ್ರವೂ ಒಂದೇ ರೀತಿ ಮಾಯ. ಓದುವವರು ಎರಡನ್ನೂ ಸುರಕ್ಷಿತವೆಂದೇ ಎಣಿಸುತ್ತಾರೆ.

ಇದಕ್ಕೆ ಉತ್ತರವಾಗಿ ಬಂದದ್ದು ದಾಖಲೆಯ ಪಂಥ, ಅಂದರೆ ಎಕ್ಸ್‌ಎಂಎಲ್. ಸ್ಕ್ಯಾನ್ ಯಾವಾಗ ಶುರುವಾಯಿತು, ಯಾವ ಆವೃತ್ತಿ, ಯಾವ ಆದೇಶ, ಪಟ್ಟಿ ಮಾಡದ ಪೋರ್ಟ್‌ಗಳೆಷ್ಟು, ಅವು ಯಾವ ಸ್ಥಿತಿಯಲ್ಲಿದ್ದವು, ಎಲ್ಲವೂ ಅಲ್ಲಿರುತ್ತದೆ. ಎನ್‌ಮ್ಯಾಪ್ ಜೊತೆಗೇ ಬರುವ ಶೈಲಿಕಡತ ಅದನ್ನು ಬ್ರೌಸರಿನಲ್ಲಿ ಓದುವ ವರದಿಯಾಗಿಸುತ್ತದೆ. ಮೆಟಾಸ್ಪ್ಲಾಯಿಟ್‌ನಂಥ ದೊಡ್ಡ ವ್ಯವಸ್ಥೆಗಳು ಅದನ್ನು ನೇರವಾಗಿ ನುಂಗುತ್ತವೆ. ಆದರೆ ಈ ಪಂಥ ಓದುಗನ ಮೇಲೆ ಕರುಣೆ ತೋರಲಿಲ್ಲ. ಕಮಾಂಡ್ ಲೈನಿನಲ್ಲಿ ಒಂದು ಸರಳ ಪ್ರಶ್ನೆ ಕೇಳಲು ಎಕ್ಸ್‌ಪಾತ್ ಎಂಬ ಇನ್ನೊಂದು ಭಾಷೆ ಕಲಿಯಬೇಕು. ಕರೆಂಟ್ ಹೋಗಿ ಸ್ಕ್ಯಾನ್ ಅರ್ಧಕ್ಕೆ ನಿಂತರೆ ಮುಚ್ಚುವ ಗುರುತು ಬೀಳದೆ ಇಡೀ ಕಡತವನ್ನೇ ಓದಲಾರೆ ಎನ್ನುತ್ತದೆ. ಅರ್ಧಕ್ಕೆ ನಿಂತ ಸಾಲುಗಳ ಕಡತ ಅರ್ಧವನ್ನಾದರೂ ಕೊಡುತ್ತದೆ. ಮಳೆಗಾಲದ ಕರಾವಳಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಮೂರನೆಯದು ವೇಗದ ಪಂಥ. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಝೀಮ್ಯಾಪ್, ಒಂದು ಪೋರ್ಟ್‌ಗಾಗಿ ಇಡೀ ಐಪಿವಿ4 ಲೋಕವನ್ನು 45 ನಿಮಿಷದೊಳಗೆ ಸುತ್ತಿ ತೋರಿಸಿತು. ಅದೇ ವರ್ಷ ರಾಬರ್ಟ್ ಗ್ರಹಾಂ ಅವರ ಮಾಸ್‌ಸ್ಕ್ಯಾನ್ ಬಂತು. ಇವು ಸಾಮಾನ್ಯವಾಗಿ ತೆರೆದ ಪೋರ್ಟ್‌ಗಳನ್ನು, ಉತ್ತರ ಬಂದ ವಿಳಾಸಗಳನ್ನು ಮಾತ್ರ ಬರೆದಿಡುತ್ತವೆ. 'ಮುಚ್ಚಿದೆ' ಮತ್ತು 'ಗೊತ್ತಿಲ್ಲ' ಎರಡೂ ಮೌನದಲ್ಲಿ ಬೆರೆತುಹೋಗುತ್ತವೆ. ಮಾಸ್‌ಸ್ಕ್ಯಾನ್ ವಿಳಾಸಗಳನ್ನು ಕಲಸಿ ತಟ್ಟುವುದರಿಂದ ಅದರ ಎಕ್ಸ್‌ಎಂಎಲ್‌ನಲ್ಲಿ ಒಂದೇ ಯಂತ್ರ ಪೋರ್ಟಿಗೊಮ್ಮೆ ಮತ್ತೆ ಮತ್ತೆ ಎದುರಾಗುತ್ತದೆ, ಯಂತ್ರಗಳನ್ನು ಎಣಿಸಲು ಹೊರಟವರು ತಪ್ಪುತ್ತಾರೆ. ಈ ಬಳಗದ ಹೊಸ ಸಲಕರಣೆಗಳು ಸಾಲಿಗೊಂದು ಜೆಸನ್ ಬರೆಯುತ್ತವೆ, ಅದನ್ನು ಸೀಳಲು ಸ್ಟೀಫನ್ ಡೋಲನ್ 2012ರಲ್ಲಿ ಕೊಟ್ಟ ಜೆಕ್ಯು ಇದೆ. ಸಾಲಿನ ಸರಾಗವೂ ದಾಖಲೆಯ ರಚನೆಯೂ ಒಟ್ಟಾಗಿ ಸಿಗುವ ಈ ಸಂಯೋಗ ಮೂರು ಪಂಥಗಳಲ್ಲಿ ನಡುದಾರಿಯಂತೆ ಕಾಣುತ್ತದೆ. ಆದರೆ ಇಡೀ ಜಗತ್ತನ್ನು ಸುತ್ತುವ ಅವಸರದಲ್ಲಿ ಹುಟ್ಟಿದ ಸಲಕರಣೆಗೆ ನಲವತ್ತು ಯಂತ್ರಗಳ ಕಚೇರಿಯ ಚರಿತ್ರೆಯಲ್ಲಿ ಆಸಕ್ತಿಯಿಲ್ಲ. ಸಣ್ಣ ಬ್ಯಾಂಕಿಗೆ ವೇಗದ ಹಂಗೂ ಇಲ್ಲ.

ಸಣ್ಣ ಬ್ಯಾಂಕಿಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ಹಿಂದಿನ ಸಲಕ್ಕಿಂತ ಏನು ಬದಲಾಯಿತು? ರೋಕಡಿ ಪುಸ್ತಕ ಅಂದಂದಿನ ಜಮಾ-ಖರ್ಚು ಹೇಳುತ್ತದೆ, ಯಾರ ಬಾಕಿ ಎಷ್ಟು ಎಂದು ತಿಳಿಯಲು ಖಾತೆ ಪುಸ್ತಕವೇ ಬೇಕು. ಸ್ಕ್ಯಾನ್ ಫಲಿತಾಂಶದ ಪರಂಪರೆ ಇಷ್ಟು ವರ್ಷ ರೋಕಡಿಯನ್ನೇ ಚೆನ್ನಾಗಿ ಬರೆಯುತ್ತ ಬಂದಿದೆ. ಖಾತೆಯತ್ತ ನಡೆದ ಗಂಭೀರ ಪ್ರಯತ್ನವೆಂದರೆ ಡೇವಿಡ್ ಫೈಫೀಲ್ಡ್ ಬರೆದ, 2009ರಲ್ಲಿ ಎನ್‌ಮ್ಯಾಪ್ 5.00 ಜೊತೆ ಬಂದ ಎನ್‌ಡಿಫ್. ಎರಡು ಎಕ್ಸ್‌ಎಂಎಲ್ ಕಡತಗಳನ್ನು ಕೊಟ್ಟರೆ ಯಾವ ಯಂತ್ರ ಹೊಸದು, ಯಾವ ಪೋರ್ಟ್ ತೆರೆಯಿತು, ಯಾವುದು ಮುಚ್ಚಿತು ಎಂದು ಕೂಡು-ಕಳೆ ಗುರುತು ಹಾಕಿ ಹೇಳುತ್ತದೆ. ವ್ಯತ್ಯಾಸವಿಲ್ಲದಿದ್ದರೆ ಸೊನ್ನೆ, ಇದ್ದರೆ ಒಂದು ಎಂಬ ಸಂಕೇತ ಮರಳಿಸುವುದರಿಂದ ಶೆಲ್ ಸ್ಕ್ರಿಪ್ಟಿಗೂ ಸಲೀಸು.

ಇಷ್ಟು ಬೇಕಾದ ಸಲಕರಣೆಗೆ ಸಿಕ್ಕ ಗಮನ ಎಷ್ಟು? ಅದು ಬರೆಯಲ್ಪಟ್ಟ ಪೈಥಾನ್ 2 ಭಾಷೆಯ ಅಧಿಕೃತ ಆಯುಷ್ಯ 2020ರ ಜನವರಿ 1ಕ್ಕೆ ಮುಗಿಯಿತು. ಎನ್‌ಮ್ಯಾಪ್ ಯೋಜನೆ ಅದನ್ನು ಪೈಥಾನ್ 3ಕ್ಕೆ ತಂದದ್ದು 2023ರ 7.94 ಆವೃತ್ತಿಯಲ್ಲಿ. ಅದೇ ಹೊತ್ತಿಗೆ ಬ್ರಯಾನ್ ಕರ್ನಿಘನ್ ತಾವೂ ಸೇರಿ ರೂಪಿಸಿದ, ನಲವತ್ತಾರು ವರ್ಷದ ಆಕ್‌ಗೆ ಯುನಿಕೋಡ್ ಮತ್ತು ಸಿಎಸ್‌ವಿ ಕಲಿಸುತ್ತಿದ್ದರು. ಸಾಲುಗಳ ಪಂಥಕ್ಕೆ ಇರುವ ಭಕ್ತಿ, ಬದಲಾವಣೆಯನ್ನು ಗುರುತಿಸುವ ಸಲಕರಣೆಗೆ ದಕ್ಕಲಿಲ್ಲ. ಎನ್‌ಡಿಫ್‌ಗೂ ಮಿತಿಯಿದೆ. ಅದು ಯಂತ್ರವನ್ನು ಗುರುತಿಸುವುದು ವಿಳಾಸದಿಂದ. ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ವಿಳಾಸ ಬದಲಿಸಿದರೆ ಒಂದು ಯಂತ್ರ ಮಾಯವಾಗಿ ಇನ್ನೊಂದು ಪ್ರತ್ಯಕ್ಷವಾಯಿತೆಂದು ವರದಿ ಮಾಡುತ್ತದೆ. ಇದು ತಿದ್ದಬಹುದಾದ ದೋಷ. ಶಾಖೆಯ ಮುಖ್ಯ ಯಂತ್ರಗಳಿಗೆ ಕಾಯಂ ವಿಳಾಸ ಕೊಟ್ಟರೆ ಬಹುಪಾಲು ಪರಿಹಾರ.

ಕಾಲದ ಪ್ರಶ್ನೆ ಈಗ ಕಾನೂನಿನದೂ ಹೌದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಮುಖ್ಯ ವ್ಯವಸ್ಥೆಗಳನ್ನು ಗುರಿಯಿಟ್ಟು ಸ್ಕ್ಯಾನ್ ಮಾಡುವುದೂ ಆ ಘಟನೆಗಳ ಪಟ್ಟಿಯಲ್ಲಿದೆ. ಆರು ಗಂಟೆಯಲ್ಲಿ ಉತ್ತರ ಹೇಳಬೇಕಾದಾಗ ಕಳೆದ ತಿಂಗಳು ನೆಟ್‌ವರ್ಕ್ ಹೇಗಿತ್ತು ಎಂಬ ದಾಖಲೆ ಕೈಯಲ್ಲಿದ್ದವರು ಮಾತ್ರ ಏನನ್ನಾದರೂ ಖಚಿತವಾಗಿ ಹೇಳಬಲ್ಲರು.

ಹಿಂದಿನ ದಾಖಲೆಯ ಈ ಮರೆವಿಗೆ ನಮ್ಮ ಪಾಠಕ್ರಮದ ಪಾಲೂ ಇದೆ. ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಲೆಮಾರುಗಳು ಯುನಿಕ್ಸ್ ಕಲಿತದ್ದು ಸುಮಿತಾಭ ದಾಸ್ ಅವರ ಪುಸ್ತಕದಿಂದ. ಗ್ರೆಪ್, ಆಕ್ ಎಂದರೆ ಆ ಪುಸ್ತಕದ ನೌಕರರ ಪಟ್ಟಿಯ ಕಡತವೇ ನೆನಪಾಗುವವರು ನಾಡಿನ ತುಂಬ ಇದ್ದಾರೆ. ಪುಸ್ತಕ ಒಳ್ಳೆಯದು. ಆದರೆ ಸಂಬಳದ ಅಂಕಣ ಕೂಡಿಸಿದವರಿಗೆ ಪಟ್ಟಿಯಲ್ಲಿ ಇಲ್ಲದ ನೌಕರನ ಪ್ರಶ್ನೆ ಏಳುವುದಿಲ್ಲ. ಕಾಲೇಜಿನದೇ ಪ್ರಯೋಗಾಲಯವನ್ನು, ಲಿಖಿತ ಅನುಮತಿಯೊಂದಿಗೆ, ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ಎರಡು ತಿಂಗಳ ಫಲಿತಾಂಶಗಳನ್ನು ಹೋಲಿಸಲು ಕೊಟ್ಟರೆ ಅದೇ ಗ್ರೆಪ್ ಪಾಠ ಬೇರೆ ಅರ್ಥ ಪಡೆಯುತ್ತದೆ. ಅನುಮತಿಯ ಮಾತು ಔಪಚಾರಿಕವಲ್ಲ. ಪರರ ನೆಟ್‌ವರ್ಕಿಗೆ ಒಪ್ಪಿಗೆಯಿಲ್ಲದೆ ಕೈ ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳ ವ್ಯಾಪ್ತಿಗೆ ಬರುತ್ತದೆ.

ಕೊನೆಗೆ ತೀರ್ಮಾನ. ಸಾಲುಗಳ ಪಂಥ ಪ್ರಶ್ನೆ ಕೇಳಲು ಶ್ರೇಷ್ಠ, ದಾಖಲೆ ಇಡಲು ಅನರ್ಹ. ದಾಖಲೆಯ ಪಂಥ ಇಡಲು ಶ್ರೇಷ್ಠ, ಕೇಳಲು ಕಷ್ಟ. ಆದ್ದರಿಂದ ಇಡುವುದು ಎಕ್ಸ್‌ಎಂಎಲ್‌ನಲ್ಲಿ, ಹೋಲಿಸುವುದು ಎನ್‌ಡಿಫ್‌ನಿಂದ, ಅವಸರದ ಪ್ರಶ್ನೆ ಗ್ರೆಪ್‌ಗೆ ಎಂಬ ಕ್ರಮವೇ ಸಣ್ಣ ಸಂಸ್ಥೆಗೆ ಹೊಂದುವಂಥದ್ದು. ತಪಾಸಣೆ ಮಾಡುವವರು ಸಾಮಾನ್ಯವಾಗಿ ಕೊಟ್ಟುಹೋಗುವುದು ಪಿಡಿಎಫ್ ಅಥವಾ ಎಕ್ಸೆಲ್. ಎರಡೂ ಮುಂದಿನ ಸ್ಕ್ಯಾನಿನೊಂದಿಗೆ ಹೋಲಿಕೆಗೆ ಬಾರದವು. ಕರಾವಳಿಯ ಸಹಕಾರಿ ಬ್ಯಾಂಕುಗಳ ನಿರ್ದೇಶಕರು ಮುಂದಿನ ತಪಾಸಣೆಯ ಕರಾರಿಗೆ ಒಂದೇ ಒಂದು ಷರತ್ತು ಸೇರಿಸಲಿ: ವರದಿಯ ಜೊತೆ ಸ್ಕ್ಯಾನಿನ ಮೂಲ ಎಕ್ಸ್‌ಎಂಎಲ್ ಕಡತವನ್ನೂ ಬ್ಯಾಂಕಿಗೆ ಒಪ್ಪಿಸತಕ್ಕದ್ದು. ಅದಕ್ಕೆ ಹೆಚ್ಚುವರಿ ಖರ್ಚಿಲ್ಲ.