ವಸತಿ ಶಾಲೆಗಳ ನಿಯಮಾವಳಿ : ಒಂದು ವಿಮರ್ಶೆ

ಕಾವ್ಯ, ಕಾದಂಬರಿ, ನಾಟಕಗಳನ್ನು ವಿಮರ್ಶಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಪ್ರತಿವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ಸಾವಿರಾರು ತಂದೆತಾಯಿಗಳ ಕೈಸೇರಿ, ಬಹುಮಟ್ಟಿಗೆ ಓದಿಸಿಕೊಳ್ಳದೆಯೇ ಅವರ ರುಜುವನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆದು, ಕಾರ್ಯಾಲಯದ ಕಪಾಟು ಸೇರುವ ಕೃತಿಯೊಂದಿದೆ. ಅದನ್ನು ವಿಮರ್ಶೆಗೆ ಎತ್ತಿಕೊಂಡವರು ವಿರಳ. ಅದೇ ವಸತಿ ಶಾಲೆಯ ನಿಯಮಾವಳಿ. ಮನಸ್ಸಿಗೆ ಬಾರದ ಕಾದಂಬರಿಯನ್ನು ಓದುಗನು ಮುಚ್ಚಿಡಬಹುದು. ಮನಸ್ಸಿಗೆ ಬಾರದ ನಿಯಮಾವಳಿಯೊಳಗೆ ಮಗು ಮೂರು, ಐದು, ಏಳು ವರ್ಷ ಬದುಕಬೇಕು. ಆದಕಾರಣ ಈ ಕೃತಿಯನ್ನು ಉಳಿದೆಲ್ಲವುಗಳಿಗಿಂತ ಎಚ್ಚರದಿಂದ ಓದುವುದು ನಮ್ಮ ಕರ್ತವ್ಯವಾಗಿದೆ.

ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ಸಾಮಾನ್ಯ ಪ್ರೌಢಶಾಲೆಯ ಮಾತು ಇಲ್ಲಿಯದಲ್ಲ. ಅದಕ್ಕೆ ಪರ್ಯಾಯವಾಗಿ ನಮ್ಮ ನಾಡಿನಲ್ಲಿ ಬೆಳೆದುಬಂದ ಗುರುಕುಲ, ಪ್ರಸಾದನಿಲಯವನ್ನು ಕೂಡಿಕೊಂಡ ಪ್ರೌಢಶಾಲೆ, ಸೈನಿಕ ಮಾದರಿಯ ವಸತಿ ಶಾಲೆ ಇವೇ ಪ್ರಸ್ತುತ ಲೇಖನದ ವಿಷಯ. ಇಂಥಲ್ಲಿ ನಿಯಮವು ಪಾಠದ ವೇಳೆಯನ್ನು ಮಾತ್ರ ಆಳುವುದಿಲ್ಲ. ಏಳುವುದು, ಮೀಯುವುದು, ಉಣ್ಣುವುದು, ಆಡುವುದು, ಅಳುವುದು, ಮಲಗುವುದು ಎಲ್ಲವನ್ನೂ ಆಳುತ್ತದೆ. ತಾಯಿತಂದೆಯರ ಸ್ಥಾನದಲ್ಲಿ ನಿಲ್ಲುವ ಆ ಹಾಳೆಯಲ್ಲಿ ತಾಯಿತನ ಎಷ್ಟಿದೆ ಎಂದು ಕೇಳುವ ಹಕ್ಕು ನಮಗಿದೆ.

ಶಾಲೆಯ ಮೊದಲನೆಯ ನಿಯಮವು ಹಾಳೆಯ ಮೇಲೆ ಇರುವುದಿಲ್ಲ, ಬಾಗಿಲಲ್ಲಿ ಇರುತ್ತದೆ. ಒಳಗೆ ಬರತಕ್ಕವರು ಯಾರು? ಕಿತ್ತೂರು ಸೀಮೆಯ ದೇಗಾಂವವನ್ನೇ ನೋಡಿರಿ. ಗೋವೆಯ ಕದಂಬರ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು ಅಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದಳು. ಊರನ್ನು ವಿದ್ವಾಂಸ ಬ್ರಾಹ್ಮಣರಿಗೆ ಅಗ್ರಹಾರವಾಗಿ ದಾನವಿತ್ತಳು. ಆ ಗುಡಿಯ ಶಿಲ್ಪವನ್ನು ಕಂಡವರು ಆ ರಾಣಿಯ ಔದಾರ್ಯವನ್ನೂ ಅಭಿರುಚಿಯನ್ನೂ ಕೊಂಡಾಡದೆ ಇರಲಾರರು. ಅಗ್ರಹಾರಗಳು ಆ ಕಾಲದ ವಿದ್ಯಾಕೇಂದ್ರಗಳು; ಅವುಗಳಿಂದ ನಾಡಿಗಾದ ಉಪಕಾರ ದೊಡ್ಡದು. ಆದರೆ ವೇದಾಧ್ಯಯನದ ಬಾಗಿಲು ಹುಟ್ಟನ್ನು ಕೇಳಿ ತೆರೆಯುತ್ತಿದ್ದಿತು. ದಾನವಿತ್ತವಳು ಹೆಣ್ಣು, ದಾನದಿಂದ ನಡೆಯುವ ಓದಿನಲ್ಲಿ ಹೆಣ್ಣಿಗೆ ಪಾಲಿಲ್ಲ.

ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಬಾಗಿಲಿನ ಆ ನಿಯಮವನ್ನೇ ಬದಲಿಸಿದರು. ಅಕ್ಕ ನಾಗಮ್ಮನಿಗೆ ಇಲ್ಲದ ಉಪನಯನ ತನಗೇಕೆಂದು ಬಾಲಕ ಬಸವಣ್ಣನು ತಿರಸ್ಕರಿಸಿದನೆಂಬ ಕಥೆಯನ್ನು ನಾವೆಲ್ಲರೂ ಕೇಳಿಯೇ ಬೆಳೆದವರು. ಕಥೆಯ ಐತಿಹಾಸಿಕತೆಯನ್ನು ವಿದ್ವಾಂಸರು ವಿಚಾರಿಸಲಿ. ಜನಸಮುದಾಯವೊಂದು ತನ್ನ ಗುರುವಿನ ಬಾಲ್ಯವನ್ನು ನಿಯಮವೊಂದರ ನಿರಾಕರಣೆಯಿಂದ ಪ್ರಾರಂಭಿಸಿದೆ ಎಂಬುದು ಗಮನಾರ್ಹ. ಇಂಥ ಪರಂಪರೆಯ ಮಠಗಳು ನಡೆಸುವ ಶಾಲೆಯಲ್ಲಿ 'ಪ್ರಶ್ನಿಸಕೂಡದು' ಎಂಬ ಧ್ವನಿ ಕೇಳಿಬಂದರೆ ಅದು ಪರಂಪರೆಗೆ ವಿರುದ್ಧವಾದುದು.

ಈಗ ಹಾಳೆಯ ಭಾಷೆಗೆ ಬರೋಣ. ನಿಯಮಾವಳಿಗಳ ವ್ಯಾಕರಣವು ಬಹುತೇಕ ಒಂದೇ ಬಗೆಯದು. ಕರ್ತೃಪದ 'ವಿದ್ಯಾರ್ಥಿಯು', ಕ್ರಿಯಾಪದ 'ತಕ್ಕದ್ದು' ಅಥವಾ 'ಕೂಡದು'. ವಿದ್ಯಾರ್ಥಿಯು ಐದಕ್ಕೆ ಏಳತಕ್ಕದ್ದು, ವಿದ್ಯಾರ್ಥಿಯು ಅನುಮತಿಯಿಲ್ಲದೆ ಹೊರಹೋಗಕೂಡದು. ಇವುಗಳಲ್ಲಿ ಅನೇಕವು ಅವಶ್ಯಕವಾದ ನಿಯಮಗಳೇ. ಆದರೆ ಮೊದಲಿನಿಂದ ಕೊನೆಯವರೆಗೆ ಹುಡುಕಿದರೂ 'ಅಧ್ಯಾಪಕರು', 'ನಿಲಯಪಾಲಕರು', 'ಆಡಳಿತ ಮಂಡಳಿಯವರು' ಎಂದು ಪ್ರಾರಂಭವಾಗುವ ವಾಕ್ಯ ಸಿಕ್ಕುವುದು ಕಷ್ಟ. ಕಾರಣವನ್ನು ಹೇಳುವ 'ಏಕೆಂದರೆ' ಎಂಬ ಪದವಂತೂ ಅಪರೂಪ. ನಿಯಮವನ್ನು ಮಾಡಿದವನು ನಿಯಮದ ಹೊರಗೆ ನಿಂತಿದ್ದಾನೆ. ಈ ಕೃತಿಯ ಮೂಲದೋಷ ಇದೇ ಎಂಬುದು ನನ್ನ ವಾದ.

ಇದಕ್ಕೆ ಪ್ರತಿಯಾಗಿ ಬಸವಣ್ಣನವರ ಸಪ್ತಶೀಲದ ವಚನವನ್ನು ನೆನಪಿಗೆ ತಂದುಕೊಳ್ಳಿರಿ. ಅದೂ ಒಂದು ನಿಯಮಾವಳಿಯೇ. ಏಳು ಬೇಡಗಳ ಸರಣಿ. ಅವುಗಳಲ್ಲಿ ಒಂದಾದರೂ ಸಣ್ಣ ಮಕ್ಕಳಿಗೆ ಮಾತ್ರ ಅನ್ವಯಿಸತಕ್ಕದ್ದಲ್ಲ. ಅರಸನಿಗೂ ಆಳಿಗೂ, ಗುರುವಿಗೂ ಶಿಷ್ಯನಿಗೂ, ಹೇಳಿದವನಿಗೂ ಕೇಳಿದವನಿಗೂ ಅದು ಸಮನಾಗಿ ತಗಲುತ್ತದೆ. ಮುರಿದವನಿಗೆ ದಂಡವನ್ನು ಅದು ವಿಧಿಸುವುದಿಲ್ಲ. ಪಾಲಿಸಿದರೆ ಒಳಗೂ ಹೊರಗೂ ಶುದ್ಧಿಯೆಂದು ಫಲವನ್ನು ತಿಳಿಸುತ್ತದೆ. ಎಂಟುನೂರು ವರ್ಷಗಳ ಅನಂತರವೂ ಅಕ್ಷರ ಬಾರದ ಅಜ್ಜಿಯ ಬಾಯಲ್ಲಿಯೂ ಅದು ಉಳಿದಿರುವುದು ಆಶ್ಚರ್ಯವಲ್ಲ. ಪ್ರಾಚೀನ ಗುರುಕುಲದ ಸಾಹಿತ್ಯದಲ್ಲಿಯೂ ಇಂಥ ಪ್ರಾಮಾಣಿಕತೆ ಇದ್ದಿತು. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಓದು ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು, ನಮ್ಮಲ್ಲಿರುವ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸು, ಉಳಿದುವನ್ನಲ್ಲ, ಎಂಬರ್ಥದ ಉಪದೇಶವನ್ನು ಮಾಡುತ್ತಾನೆ. ತನ್ನಲ್ಲಿ ದೋಷವಿರಬಹುದೆಂದು ಶಿಷ್ಯನ ಮುಂದೆ ಒಪ್ಪಿಕೊಳ್ಳುವ ಗುರುವಿನ ಮಾತಿಗೆ ಬರುವ ತೂಕವು ಬೆತ್ತದಿಂದ ಬರಲಾರದು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಇಲ್ಲಿ ಮನನೀಯ. ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಅದನ್ನು ಅಡುಗೆಮನೆಗೆ ಸೇರಿಸದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಮನೆಯ ಯಜಮಾನನ ಮೇಲೆಯೂ ನಿಯಮವನ್ನು ನೆನಪಿಸುವ ಅಧಿಕಾರ ಆಕೆಗಿದ್ದಿತು. ಆತ ಅದನ್ನು ಅಪಮಾನವೆಂದು ಎಣಿಸಲಿಲ್ಲ. ನಮ್ಮ ವಸತಿ ಶಾಲೆಗಳಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ನಿಲಯಪಾಲಕರಿಗೆ ಅವರದೇ ನಿಯಮವನ್ನು ನೆನಪಿಸಿದರೆ ಏನಾದೀತು? ಪ್ರತಿಯೊಂದು ಸಂಸ್ಥೆಯವರೂ ಈ ಪ್ರಶ್ನೆಯನ್ನು ತಮ್ಮಲ್ಲಿಯೇ ಕೇಳಿಕೊಳ್ಳಲಿ.

ಈ ಆದರ್ಶವು ನಮ್ಮ ಭಾಗದಲ್ಲಿ ಪುರಾಣಕ್ಕೆ ಸೀಮಿತವಾದುದೇನೂ ಅಲ್ಲ. ಸವದತ್ತಿ ಸೀಮೆಯ ಶಿರಸಂಗಿಯ ತ್ಯಾಗವೀರ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯೆಗಾಗಿ ಮೀಸಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ, ಸಪ್ತರ್ಷಿಗಳೆಂದು ಹೆಸರಾದ ಶಿಕ್ಷಕರು ತಮಗೆ ದೊರೆಯಬಹುದಾಗಿದ್ದ ಹೆಚ್ಚಿನ ಸಂಪಾದನೆಯನ್ನು ಬಿಟ್ಟು ಸಂಸ್ಥೆಗೆ ತಮ್ಮ ದುಡಿಮೆಯನ್ನು ಧಾರೆಯೆರೆದರು. ವಿದ್ಯಾರ್ಥಿಗೆ ಶಿಸ್ತನ್ನು ಹೇಳುವುದಕ್ಕೆ ಮುಂಚೆ ತಮಗೆ ತಾವೇ ಶಿಸ್ತನ್ನು ವಿಧಿಸಿಕೊಂಡವರು ಅವರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳವರ ಪ್ರಸಾದನಿಲಯದಲ್ಲಿ ಉಂಡು ಓದಿದವರ ಸಂತತಿ ಇಂದು ನಾಡಿನ ತುಂಬ ಹರಡಿದೆ. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907-2019) ನಸುಕಿನಲ್ಲಿಯೇ ಎದ್ದು ಪೂಜೆ ಮುಗಿಸಿ, ಸಾವಿರಾರು ಮಕ್ಕಳೊಡನೆ ಸಾಮೂಹಿಕ ಪ್ರಾರ್ಥನೆಯಲ್ಲಿ ತಾವೂ ಕುಳಿತುಕೊಳ್ಳುತ್ತಿದ್ದರು. ಆ ಮಕ್ಕಳ ಅನ್ನಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದವರೂ ಅವರೇ. 'ನಸುಕಿನಲ್ಲಿ ಏಳತಕ್ಕದ್ದು' ಎಂಬ ನಿಯಮವನ್ನು ಅಲ್ಲಿ ಗೋಡೆಯ ಮೇಲೆ ಬರೆಯಬೇಕಾಗಿರಲಿಲ್ಲ. ಅದು ಮಕ್ಕಳ ಕಣ್ಣೆದುರಿಗೆ ಕಾವಿಯುಟ್ಟು ನಡೆಯುತ್ತಿದ್ದಿತು.

ಕಾಯಕದ ವಿಚಾರದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಕ್ಕಳು ಅಂಗಳ ಗುಡಿಸುವುದು, ತಾವುಂಡ ತಟ್ಟೆ ತೊಳೆಯುವುದು, ತೋಟಕ್ಕೆ ನೀರು ಹಾಯಿಸುವುದು ಒಳ್ಳೆಯ ಶಿಕ್ಷಣವೇ ಸರಿ. ಆದರೆ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛಗೊಳಿಸಿದ ಸುದ್ದಿ ಹೊರಬಂದಾಗ ನಾಡೇ ತಲೆತಗ್ಗಿಸಿತು. ಕಾಯಕಕ್ಕೂ ಬಿಟ್ಟಿ ಚಾಕರಿಗೂ ಇರುವ ಗೆರೆ ಎಲ್ಲಿಯದು? ಹಿರಿಯರು ತಮ್ಮ ಕೈಯಾರೆ ಮಾಡಲು ಒಪ್ಪದ ಕೆಲಸವನ್ನು, ಆಯ್ದ ಕೆಲವು ಮಕ್ಕಳಿಗೆ, ಅವರ ಬಡತನವನ್ನೋ ಜಾತಿಯನ್ನೋ ನೋಡಿ ಹಚ್ಚಿದರೆ ಅದು ಕಾಯಕದ ಹೆಸರಿನಲ್ಲಿ ನಡೆಯುವ ಅಪಚಾರ. ಅಧ್ಯಾಪಕರೂ ಪೊರಕೆ ಹಿಡಿದರೆ ಅಂಗಳ ಗುಡಿಸುವುದು ಕಾಯಕವಾಗುತ್ತದೆ.

ಹೆಣ್ಣುಮಕ್ಕಳ ನಿಯಮಾವಳಿಯನ್ನು ಬೇರೆಯಾಗಿಯೇ ಓದಬೇಕು. ಅನೇಕ ವಸತಿನಿಲಯಗಳಲ್ಲಿ ಅದು ಬಾಲಕರದಕ್ಕಿಂತ ಉದ್ದವಾಗಿರುತ್ತದೆ. ಕಾರಣ ಕೇಳಿದರೆ 'ರಕ್ಷಣೆ' ಎನ್ನುತ್ತಾರೆ. ದೇಗಾಂವಕ್ಕೆ ಸಮೀಪದ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಬಾಲಕಿಯರ ವಸತಿ ಸೈನಿಕ ಶಾಲೆ 1969ರಲ್ಲಿಯೇ ಪ್ರಾರಂಭವಾಯಿತು. ಕೇಂದ್ರದ ರಕ್ಷಣಾ ಇಲಾಖೆಯ ಸೈನಿಕ ಶಾಲೆಗಳು 1961ರಿಂದ ನಡೆದುಬಂದಿದ್ದರೂ ಬಾಲಕಿಯರಿಗೆ ಬಾಗಿಲು ತೆರೆದದ್ದು 2018ರಲ್ಲಿ ಮಿಜೋರಾಮಿನಲ್ಲಿ ಪ್ರಯೋಗಾರ್ಥವಾಗಿ, ಉಳಿದೆಡೆ 2021ರಲ್ಲಿ. ಅಂದರೆ ಅರ್ಧ ಶತಮಾನದಷ್ಟು ಮೊದಲೇ ನಮ್ಮ ಸೀಮೆಯಲ್ಲಿ ಬಾಲಕಿಯರು ಕವಾಯತಿಗೂ ಕುದುರೆ ಸವಾರಿಗೂ ನಿಂತಿದ್ದರು. ನಸುಕಿನ ಗಂಟೆ, ಸಮವಸ್ತ್ರ, ಸಾಲು, ವೇಳಾಪಟ್ಟಿ ಇವು ಕಠಿಣವೇ. ಆದರೂ ಮೈಗೆ ಬಲವನ್ನೂ ಮನಸ್ಸಿಗೆ ಧೈರ್ಯವನ್ನೂ ಕೊಡುವ ಕಾಠಿಣ್ಯ ಬೇರೆ. ಕಿಟಕಿಯಲ್ಲಿ ನಿಲ್ಲಬೇಡ, ಗಟ್ಟಿಯಾಗಿ ನಗಬೇಡ ಎಂಬ ಕಾಠಿಣ್ಯ ಬೇರೆ. ಮೊದಲನೆಯದು ಹುಡುಗಿಯನ್ನು ಜಗತ್ತಿಗೆ ಸಿದ್ಧಗೊಳಿಸುತ್ತದೆ. ಎರಡನೆಯದು ಜಗತ್ತಿನ ತಪ್ಪಿಗೆ ಹುಡುಗಿಯನ್ನು ಹೊಣೆ ಮಾಡುತ್ತದೆ.

'ಇಷ್ಟೆಲ್ಲ ಏಕೆ, ನಿಯಮಗಳನ್ನೇ ತೆಗೆದುಹಾಕಿದರಾಗದೆ?' ಎಂದು ಕೇಳುವವರುಂಟು. ಅವರು ಇಂಗ್ಲೆಂಡಿನ ಸಮ್ಮರ್‌ಹಿಲ್ ಶಾಲೆಯನ್ನು ಉದಾಹರಿಸುತ್ತಾರೆ. 1921ರಲ್ಲಿ ಎ. ಎಸ್. ನೀಲ್ ಎಂಬವರು ಸ್ಥಾಪಿಸಿದ ಆ ವಸತಿ ಶಾಲೆಯಲ್ಲಿ ಪಾಠಕ್ಕೆ ಬರುವುದೂ ಬಿಡುವುದೂ ಮಗುವಿನ ಇಚ್ಛೆ. ಆದರೆ ಅಲ್ಲಿ ನಿಯಮಗಳಿಲ್ಲವೆಂಬುದು ತಪ್ಪು ತಿಳಿವಳಿಕೆ. ನಿಯಮಗಳು ಹೇರಳವಾಗಿವೆ, ಅವುಗಳನ್ನು ಮಾಡುವ ಸಭೆಯಲ್ಲಿ ಚಿಕ್ಕ ಮಗುವಿಗೂ ಒಂದು ಮತ, ಮುಖ್ಯಾಧ್ಯಾಪಕರಿಗೂ ಒಂದೇ ಮತ. ಪಾಠಕ್ಕೆ ಬಾರದಿರುವ ಸ್ವಾತಂತ್ರ್ಯ ನಮ್ಮ ರೈತನ ಮಗನಿಗೆ ಹೊಂದಲಾರದು. ಅವನ ಮನೆಯವರು ಹೊಟ್ಟೆ ಕಟ್ಟಿ ಅವನನ್ನು ಕಳಿಸಿರುತ್ತಾರೆ, ಹತ್ತನೆಯ ತರಗತಿಯ ಪರೀಕ್ಷೆ ಅವನಿಗಾಗಿ ಕಾಯುವುದಿಲ್ಲ. ಆದರೆ ಕೂಡಿ ಕುಳಿತು ನಿಯಮವನ್ನು ವಿಚಾರಿಸುವ ಪದ್ಧತಿಯನ್ನು ನಾವು ಇಂಗ್ಲೆಂಡಿನಿಂದ ತರಬೇಕಾಗಿಲ್ಲ. ಅನುಭವಮಂಟಪದಲ್ಲಿ ಅಲ್ಲಮನ ಪ್ರಶ್ನೆಗಳಿಗೆ ಅಕ್ಕಮಹಾದೇವಿ ತಲೆಯೆತ್ತಿ ಉತ್ತರವಿತ್ತುದನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಚಿತ್ರಿಸಿದೆ. ಆ ಗ್ರಂಥವನ್ನು ಪೂಜಿಸುವವರು ವಾರಕ್ಕೊಮ್ಮೆ ಮಕ್ಕಳ ಸಭೆಯನ್ನು ಕರೆಯಲು ಹಿಂಜರಿಯಬಾರದು.

'ನೂರಾರು ಮಕ್ಕಳನ್ನು ಹೊಡೆಯದೆ, ಬಡಿಯದೆ ಹದ್ದುಬಸ್ತಿನಲ್ಲಿಡುವುದು ಹೇಗೆ?' ಎಂಬ ಆಕ್ಷೇಪ ಪ್ರಾಮಾಣಿಕವಾದುದು. ಇಬ್ಬರು ನಿಲಯಪಾಲಕರ ಮೇಲೆ ಇನ್ನೂರು ಮಕ್ಕಳ ಭಾರ ಹೊರಿಸಿ, ತಾಳ್ಮೆಯನ್ನು ಬೋಧಿಸುವುದು ಅನ್ಯಾಯ. ಪಾಲಕರ ಸಂಖ್ಯೆಯನ್ನು ಹೆಚ್ಚಿಸುವುದು ಮಂಡಳಿಯ ಮೇಲಿನ ನಿಯಮವಾಗಲಿ. ಆದರೆ ಕಾನೂನಿನಲ್ಲಿ ಸಂದಿಗ್ಧವಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಧಾರ್ಮಿಕ ಬೋಧನೆಯನ್ನೇ ಪ್ರಧಾನವಾಗಿ ನೀಡುವ ಸಂಸ್ಥೆಗಳನ್ನು 2012ರ ತಿದ್ದುಪಡಿಯು ಆ ಕಾಯಿದೆಯಿಂದ ಹೊರಗಿಟ್ಟಿರುವುದು ನಿಜ. ಮಠಗಳ ಸಾಮಾನ್ಯ ಪ್ರೌಢಶಾಲೆಗಳು ಆ ವಿನಾಯಿತಿಯಲ್ಲಿ ಬರುವುದಿಲ್ಲ. ಬರುವ ಪಾಠಶಾಲೆಗಳಾದರೂ ಯೋಚಿಸಲಿ : ಕಾಯಿದೆ ಕೊಟ್ಟ ವಿನಾಯಿತಿಯನ್ನು ದಯೆಯನ್ನೇ ಮೂಲವಾಗಿ ಉಳ್ಳ ಧರ್ಮವು ಕೊಟ್ಟೀತೆ?

ಕೊನೆಯದಾಗಿ, ನಿಯಮಾವಳಿಗಳಲ್ಲಿ ಬಹುಮಟ್ಟಿಗೆ ಕಾಣದಿರುವ ಒಂದು ವಾಕ್ಯದ ಮಾತು. ಮಗುವಿಗೆ ಅನ್ಯಾಯವಾದಾಗ ಅದು ಯಾರಲ್ಲಿಗೆ ಹೋಗಬೇಕು? 'ಮುಖ್ಯಸ್ಥರಲ್ಲಿಗೆ' ಎಂದು ಬರೆದರೆ ಸಾಲದು. ಅನ್ಯಾಯವು ಮುಖ್ಯಸ್ಥರ ಕೋಣೆಯಿಂದಲೇ ಬಂದಿದ್ದರೆ ಮಗು ಮತ್ತೆ ಅದೇ ಬಾಗಿಲನ್ನು ತಟ್ಟಬೇಕಾಗುತ್ತದೆ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧವು ತಿಳಿದೂ ವರದಿ ಮಾಡದಿರುವುದೇ ಅಪರಾಧ. ಸಂಸ್ಥೆಯ ಮರ್ಯಾದೆ, ಗುರುಪೀಠದ ಗೌರವ ಎಂಬ ಯಾವ ಕಾರಣವನ್ನೂ ಅದು ಮನ್ನಿಸುವುದಿಲ್ಲ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಪ್ರಾರ್ಥನಾಮಂದಿರದ ಬಾಗಿಲಲ್ಲಿಯೇ ದಪ್ಪಕ್ಷರದಲ್ಲಿ ಬರೆಸುವ ಮಠವು ತನ್ನ ಗೌರವವನ್ನು ಹೆಚ್ಚಿಸಿಕೊಳ್ಳುತ್ತದೆ. ಶುದ್ಧವಾದ ಮನೆಗೆ ಕಿಟಕಿಯ ಭಯವಿಲ್ಲ.

ಮಠದ ಪ್ರಸಾದವನ್ನುಂಡು ಬೆಳೆದ ಬಂಧುಗಳೇ, ನಿಮ್ಮಲ್ಲಿ ಅನೇಕರು ಇಂದು ಆಡಳಿತ ಮಂಡಳಿಗಳಲ್ಲಿದ್ದೀರಿ, ಅಧ್ಯಾಪಕರಾಗಿದ್ದೀರಿ, ಮಕ್ಕಳನ್ನು ಅದೇ ನಿಲಯಗಳಿಗೆ ಕಳಿಸುತ್ತಿದ್ದೀರಿ. ನಾವು ಏಟು ತಿಂದೇ ಮನುಷ್ಯರಾದೆವು ಎಂದು ಹೇಳುವ ವಾಡಿಕೆ ನಮ್ಮಲ್ಲಿದೆ. ನಿಜವಾಗಿ ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದು ಏಟೋ, ಏಟು ಕೊಟ್ಟ ಕೈಯೇ ರಾತ್ರಿ ಜ್ವರದ ಹಣೆಯನ್ನು ಮುಟ್ಟಿ ನೋಡಿದ ಅಂತಃಕರಣವೋ, ವಿವೇಚಿಸಿ ನೋಡಿರಿ. ಬರುವ ವರ್ಷ ನಿಯಮಾವಳಿಯ ಹಾಳೆ ನಿಮ್ಮ ಕೈಗೆ ಬಂದಾಗ ರುಜು ಮಾಡುವ ಮೊದಲು ಅದನ್ನು ಪೂರ್ತಿಯಾಗಿ ಓದಿರಿ. 'ವಿದ್ಯಾರ್ಥಿಯು' ಎಂದು ಪ್ರಾರಂಭವಾಗುವ ವಾಕ್ಯಗಳನ್ನು ಎಣಿಸಿರಿ. 'ನಾವು' ಎಂದು ಪ್ರಾರಂಭವಾಗುವವುಗಳನ್ನೂ ಎಣಿಸಿರಿ. ಎರಡನೆಯದು ಸೊನ್ನೆಯಾಗಿದ್ದರೆ ಲೇಖನಿಯನ್ನು ಕೆಳಗಿಟ್ಟು, ವಿನಯದಿಂದ, ಆದರೆ ಸ್ಪಷ್ಟವಾಗಿ ಕಾರಣವನ್ನು ಕೇಳಿರಿ. ಹಾಗೆ ಕೇಳುವುದೂ ಗುರುಸೇವೆಯೇ.