ಗುಂಡಿಗೆಯಿಲ್ಲದ ತಲೆಬರಹ

2016ರ ಜೂನ್ 24ರ ಬೆಳಿಗ್ಗೆ ಚೆನ್ನೈನ ನುಂಗಂಬಾಕ್ಕಂ ರೈಲು ನಿಲ್ದಾಣದಲ್ಲಿ, ಕೆಲಸಕ್ಕೆ ಹೋಗಲು ಗಾಡಿ ಕಾಯುತ್ತಿದ್ದ 24 ವರ್ಷದ ಸಾಫ್ಟ್‌ವೇರ್ ಉದ್ಯೋಗಿಯನ್ನು ಒಬ್ಬ ಕಡಿದು ಕೊಂದು ಓಡಿಹೋದ. ಶವ ಸುಮಾರು ಎರಡು ಗಂಟೆ ಪ್ಲಾಟ್‌ಫಾರ್ಮಿನಲ್ಲೇ ಬಿದ್ದಿತ್ತು. ನಿಲ್ದಾಣದಲ್ಲಿ ಸಿಸಿಟಿವಿ ಕ್ಯಾಮೆರಾ ಇರಲಿಲ್ಲ.

ಕೊಂದವನು ಯಾರೆಂದು ಅಂದು ತಿಳಿದಿರಲಿಲ್ಲ. ಹಾಗಾಗಿ ‘ಯುವತಿಯ ಬರ್ಬರ ಕೊಲೆ’ ಎಂದು ಬರೆದವರದು ತಪ್ಪಲ್ಲ. ಗೊತ್ತಿಲ್ಲದ ಕರ್ತೃವನ್ನು ಬಿಡುವುದು ಪ್ರಾಮಾಣಿಕತೆ. ಗೊತ್ತಿರುವ ಕರ್ತೃವನ್ನು ಬಿಡುವುದು ಅಭ್ಯಾಸ. ನನ್ನ ತಕರಾರು ಆ ಅಭ್ಯಾಸದ ಮೇಲೆ.

ಕರ್ಮಣಿ ಪ್ರಯೋಗ ಕನ್ನಡದ ನಾಲಿಗೆಗೆ ಒಗ್ಗಿದ್ದಲ್ಲ. ‘ಅವಳು ಕೊಲ್ಲಲ್ಪಟ್ಟಳು’ ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಇಂಗ್ಲಿಷ್ ಪತ್ರಿಕೆ ಕರ್ಮಣಿಯಿಂದ ಮುಚ್ಚುವುದನ್ನು ನಮ್ಮ ಸುದ್ದಿಮನೆ ನಾಮಪದದಿಂದ ಮುಚ್ಚುತ್ತದೆ: ಹತ್ಯೆ, ಸಾವು, ಬಲಿ, ಗೋಲಿಬಾರ್. ಕ್ರಿಯಾಪದವೇ ಇಲ್ಲದ ಮೇಲೆ ಮಾಡಿದವರು ಯಾರೆಂಬ ಪ್ರಶ್ನೆಯೂ ಏಳುವುದಿಲ್ಲ.

ಪ್ರೇಮದ ಹೆಸರಿನ ಕೊಲೆಗಳಿಗೆ ಸಿದ್ಧವಾಗಿರುವ ಅಚ್ಚೊಂದನ್ನು ನೋಡಿ: ‘ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿ ಹತ್ಯೆ’. ಇದರಲ್ಲಿ ಇರುವುದು ಒಂದೇ ಕ್ರಿಯೆ, ನಿರಾಕರಿಸುವುದು. ಅದನ್ನು ಮಾಡಿದವಳು ಸತ್ತವಳು. ಕೊಂದವನು ವಾಕ್ಯದೊಳಗೆ ಕಾಲೇ ಇಟ್ಟಿಲ್ಲ. ‘ದ್ದಕ್ಕೆ’ ಎಂಬ ಪ್ರತ್ಯಯ ಮಾತ್ರ ಕಾರಣವನ್ನು ಅವಳ ಕೊರಳಿಗೆ ಕಟ್ಟಿ ಸುಮ್ಮನಾಗುತ್ತದೆ. ಟಿವಿಯವರು ಅವನನ್ನು ತಂದರೂ ತರುವುದು ‘ಪಾಗಲ್ ಪ್ರೇಮಿ’ ಎಂದು. ಹಿಂಬಾಲಿಸಿ ಪೀಡಿಸಿದವನಿಗೆ ಪ್ರೇಮಿ ಎಂಬ ಪದವಿ, ಜೊತೆಗೆ ಹುಚ್ಚಿನ ರಿಯಾಯಿತಿ.

‘ಗೋಲಿಬಾರ್’ ಇನ್ನೂ ಜಾಣ ಪದ. ಮಳೆ ಬಂದಂತೆ, ಗಾಳಿ ಬೀಸಿದಂತೆ ಗೋಲಿಬಾರ್ ‘ಆಗುತ್ತದೆ’. 2018ರ ಮೇ ತಿಂಗಳಲ್ಲಿ ತೂತ್ತುಕುಡಿಯಲ್ಲಿ ಸ್ಟೆರ್ಲೈಟ್ ತಾಮ್ರ ಕಾರ್ಖಾನೆ ವಿರೋಧಿ ಚಳವಳಿಗಾರರ ಮೇಲೆ, 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಗುಂಡು ಹಾರಿಸಿದವರು ಪೊಲೀಸರು. ಅದರಲ್ಲಿ ಗುಟ್ಟೇನಿಲ್ಲ. ಆದರೂ ‘ಗೋಲಿಬಾರ್‌ಗೆ ಬಲಿ’ ಎಂದೊಡನೆ ಪೊಲೀಸರು ಮಾಯ. ‘ಗುಂಡಿಗೆ ಬಲಿ’ ಎಂಬುದಂತೂ ಬಂದೂಕಿಗೂ ಸಲ್ಲುತ್ತದೆ, ರಸ್ತೆ ಹೊಂಡಕ್ಕೂ ಸಲ್ಲುತ್ತದೆ. ಒಂದರಲ್ಲಿ ಹಾರಿಸಿದವನು ಬಚಾವು, ಇನ್ನೊಂದರಲ್ಲಿ ಗುತ್ತಿಗೆದಾರ.

ನುಂಗಂಬಾಕ್ಕಂ ಪ್ರಕರಣಕ್ಕೆ ಇನ್ನೊಂದು ಸಾವಿನ ಬಾಲವಿದೆ. ಜುಲೈ 1ರಂದು ಬಂಧಿತನಾದ ಯುವಕ ವಿಚಾರಣೆ ನಡೆಯುವ ಮೊದಲೇ, ಸೆಪ್ಟೆಂಬರ್ 18ರಂದು ಪುಳಲ್ ಜೈಲಿನಲ್ಲಿ ಸತ್ತ. ವಿದ್ಯುತ್ ತಂತಿ ಕಚ್ಚಿದ ಎಂದರು ಅಧಿಕಾರಿಗಳು, ಮನೆಯವರು ಒಪ್ಪಲಿಲ್ಲ. ಇಂಥ ಕಡೆ ‘ಆತ್ಮಹತ್ಯೆ’ ಎಂಬ ಪದದ ಆಟ ಗಮನಿಸಬೇಕು. ಅದರ ಹೊಟ್ಟೆಯಲ್ಲೇ ಕರ್ತೃವಿದ್ದಾನೆ: ಸತ್ತವನೇ. ತನಿಖೆ ಆಗುವ ಮೊದಲೇ ತೀರ್ಪು ಬರೆಯುವ ಪದ ಅದು. ಆದರೆ ಈ ಪ್ರಕರಣ ಆ ಪದಕ್ಕೆ ಮುಗಿಯಲಿಲ್ಲ: 2022ರಲ್ಲಿ ತಮಿಳುನಾಡು ರಾಜ್ಯ ಮಾನವ ಹಕ್ಕುಗಳ ಆಯೋಗ ಆ ಯುವಕನ ತಂದೆಗೆ 10 ಲಕ್ಷ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಕರ್ತೃವನ್ನು ಹೇಳಬೇಕಾದಲ್ಲಿ ನುಂಗುತ್ತೇವೆ, ಕಾಯಬೇಕಾದಲ್ಲಿ ಉಗುಳುತ್ತೇವೆ.

ಕೋರ್ಟು ಹೇಳುವ ಮುನ್ನ ಯಾರನ್ನೂ ಕೊಲೆಗಾರ ಎನ್ನಬಾರದು, ನಿಜ. ಅದಕ್ಕೆಂದೇ ‘ಆರೋಪಿ’ ಎಂಬ ಪದವಿದೆ, ‘ಪೊಲೀಸರ ಪ್ರಕಾರ’ ಎಂಬ ಮಾತಿದೆ. ಉಳಿದದ್ದು ಜಾಗ ಸಾಲದೆಂಬ ನೆಪ. ‘ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿ ಹತ್ಯೆ’: ನಾಲ್ಕು ಪದ. ‘ಹಿಂಬಾಲಿಸಿ ಯುವತಿಯನ್ನು ಕೊಂದ ಯುವಕ’: ಇದೂ ನಾಲ್ಕೇ ಪದ.